ನೆಲದಲ್ಲಾದ ತಪ್ಪು

ಗಲ್ಲಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಹಾತಿಂ ಒಮ್ಮೆ ಕೆಮ್ಮಿ ನೋಡಿದ. ಕೆಮ್ಮೊಂದು ಮಾತ್ರ ಅವನ ಸ್ವಂತದ್ದು. ಉಳಿದ ದನಿಯೆಲ್ಲ ಊರಿನ ಸ್ವತ್ತು. ಟೈಗ್ರಿಸ್ ನದಿ ಮೊಣಕಾಲು ಮಡಿಸಿದ ಜಾಗದಲ್ಲಿ ಕೂತೇ ಇರುವ ಈ ಕೂತ್ ಪಟ್ಟಣದ ಟೀವಿಯಲ್ಲಿ ಅವನು ಸುದ್ದಿ ಓದತೊಡಗಿದಾಗ ತಲೆಯ ತುಂಬ ಕೂದಲಿತ್ತು. ಕೂದಲು ಹೋಯಿತು, ಸರ್ಕಾರಗಳು ಹೋದವು, ದನಿ ಮಾತ್ರ ಬಾಡಿಗೆಯನ್ನೂ ಕೊಡದೆ ಮನೆಯನ್ನೂ ಬಿಡದ ಬಾಡಿಗೆದಾರನಂತೆ ಗಂಟಲಲ್ಲಿ ಠಿಕಾಣಿ ಹೂಡಿದೆ. ಟೀವಿಯ ವಿಗ್ಗು, ಮೇಕಪ್ಪು ಇಲ್ಲದ ಈ ಮುಖ ನೋಡಿದರೆ ತರಕಾರಿಯವಳು ಗುರುತು ಹಿಡಿಯಳು. 'ಒಂದು ಕಿಲೋ ಬದನೆ' ಎಂದು ಬಾಯಿ ಬಿಟ್ಟರೆ ಸಾಕು, ಯಾವುದೋ ದೇಶದ ಮೇಲೆ ಯುದ್ಧ ಘೋಷಣೆಯಾಯಿತೆಂಬಂತೆ ಬೆಚ್ಚಿ, ಬಾಡದ ಬದನೆ ಆರಿಸಿ ಕೊಡುತ್ತಾಳೆ. ದನಿ ಸಾಹೇಬ, ಅದನ್ನು ಹೊತ್ತು ಸ್ಟುಡಿಯೋಕ್ಕೂ ಮನೆಗೂ ಓಡಾಡುವ ಕತ್ತೆ ತಾನು. ಕತ್ತೆಗೆ ಇವತ್ತು ಏಳಲು ಮನಸ್ಸಿರಲಿಲ್ಲ. ಯುದ್ಧದಲ್ಲಿ ಸತ್ತ ವಿಸಾಮ್‌ನ ದುಃಖದ ಕೂಟಕ್ಕೆ ಇದು ಮೂರನೆಯ, ಕೊನೆಯ ದಿನ. ಮೊದಲೆರಡು ದಿನ ಡ್ಯೂಟಿಯ ನೆಪ ಹೇಳಿ ಹಾತಿಂ ತಪ್ಪಿಸಿಕೊಂಡಿದ್ದ. ಇವತ್ತೂ ಹೋಗದಿದ್ದರೆ ವಿಸಾಮ್‌ನ ಅಪ್ಪ, ಹೊಳೆದಂಡೆಯಲ್ಲಿ ಮೀನು ಸುಟ್ಟು ಮಾರುವ ಜಬ್ಬಾರ್, ಅವನ ಮುಖವನ್ನು ಈ ಜನ್ಮದಲ್ಲಿ ನೋಡುವ ಹಾಗಿಲ್ಲ. ಹೋದರೆ ನೋಡಲೇಬೇಕು.

ರೇಜರು ಗಂಟಲಿನ ಉಬ್ಬಿನ ಹತ್ತಿರ ಬಂದಾಗ ಮೊನ್ನೆ ಸಂಜೆಯ ವಾಕ್ಯ ಕರೆಯದೆ ಬಂತು. ಉತ್ತರದ ರಣರಂಗದಲ್ಲಿ ನಮ್ಮ ಯೋಧರ ಮೇಲೆ ಮಿತ್ರಪಡೆಯ ವಿಮಾನದಿಂದ ಬಾಂಬು ಬಿದ್ದ ದುರ್ಘಟನೆಗೆ ನೆಲದಲ್ಲಾದ ತಪ್ಪೇ ಕಾರಣ. ತುಕಡಿಯ ವೈರ್‌ಲೆಸ್ ಸಿಪಾಯಿ ಕೊಟ್ಟ ಗುರುತು ತಪ್ಪಾಗಿತ್ತೆಂದು ಮೂಲಗಳು ತಿಳಿಸಿವೆ. ಅದಕ್ಕೂ ಮುಂಚೆ ವಿಸಾಮ್‌ನ ಇದೇ ಸಾವನ್ನು ಇದೇ ಬಾಯಿ ಶತ್ರುವಿನ ಫಿರಂಗಿಯ ಲೆಕ್ಕಕ್ಕೆ ಬರೆದುಕೊಟ್ಟಿತ್ತು. ಜಬ್ಬಾರ್ ತನ್ನ ಮನೆಯ ಗೋಡೆಗೆ ಕಟ್ಟಿಸಿದ ಸಾವಿನ ಕಪ್ಪು ಬಟ್ಟೆಯ ಮೇಲೆ ಹಳದಿ ಅಕ್ಷರಗಳಲ್ಲಿ ಆ ಮೊದಲನೆಯ ವಾಕ್ಯವೇ ಇತ್ತು: ಶತ್ರುವಿನ ಗುಂಡಿಗೆ ಎದೆಯೊಡ್ಡಿದ ವೀರ. ಬಟ್ಟೆಯ ಬಣ್ಣ ಆರುವ ಮೊದಲೇ ಸುದ್ದಿ ಬಣ್ಣ ಬದಲಿಸಿತು. ಬಟ್ಟೆಯನ್ನು ಯಾರೂ ಬಿಚ್ಚಲಿಲ್ಲ. ಸತ್ತವನು ಒಬ್ಬನೇ, ಸಾವು ಎರಡು, ಎರಡನ್ನೂ ಓದಿದವನು ತಾನು ಎಂದುಕೊಳ್ಳುತ್ತಿದ್ದಂತೆ ರೇಜರು ಚುರುಕ್ಕೆಂದಿತು. ನೊರೆಯಲ್ಲಿ ಸಣ್ಣ ಕೆಂಪು ಗೆರೆ. ಇದು ಯಾರ ತಪ್ಪು, ರೇಜರಿನದೋ ನೆಲದ್ದೋ ಎಂದು ತನಗೆ ತಾನೇ ತಮಾಷೆ ಮಾಡಿಕೊಂಡ. ನಗು ಬರಲಿಲ್ಲ.

"ರೀ, ಮುಖ ತೊಳ್ಕೊಂಡು ಬೇಗ ಬನ್ನಿ," ಹೆಂಡತಿ ಸಾಹಿರಾ ಬಾಗಿಲ ಹೊರಗಿಂದ ಕರೆದಳು. "ಅಯ್ಸರ್‌ನ ತಾಯಿ ಬಂದಿದಾರೆ. ಕೂತ್ಕೊಳ್ಳಿ ಅಂದ್ರೂ ಕೂತ್ಕೊಳ್ತಿಲ್ಲ."

ಅಯ್ಸರ್ ಎಂಬ ಹೆಸರನ್ನು ಮನೆಯೊಳಗೆ ಯಾರೋ ಗಟ್ಟಿಯಾಗಿ ಹೇಳಿದ್ದು ಇದೇ ಮೊದಲು. ಹಾತಿಂ ತಲೆಯೊಳಗೆ ಬಹಳ ಸಲ ಹೇಳಿಕೊಂಡಿದ್ದ, ಆದರೆ ಅಲ್ಲಿ ಸದ್ದಾಗುವುದಿಲ್ಲ. ಊರು ಉಮ್ ಅಯ್ಸರ್ ಎಂದೇ ಕರೆಯುವ ಆ ತಾಯಿ ಅಂಗಳದಲ್ಲಿ ಕಪ್ಪು ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ನಿಂತಿದ್ದಳು. ಹಾತಿಂ ಒದ್ದೆ ಮುಖದಲ್ಲಿ ಹೊರಗೆ ಬಂದದ್ದೇ ಹಲ್ಲು ಸಡಿಲಿಸಿದಳು.

"ಅಬೂ ಗಾಯಿಬ್, ನೀನು ಓದಿದ್ದನ್ನ ವಾಪಸ್ ಓದು."

ಮಕ್ಕಳಿಲ್ಲದ ಗಂಡಸನ್ನು ಇಲ್ಲಿ ಕರೆಯುವುದೇ ಹಾಗೆ, ಇನ್ನೂ ಬಾರದ ಮಗನ ಅಪ್ಪ ಎಂದು. ವಯಸ್ಸಾದಂತೆ ಅದು ಮರ್ಯಾದೆಯೋ ಮೂದಲಿಕೆಯೋ ಎಂದು ವಿಂಗಡಿಸುವುದನ್ನು ಅವನು ಬಿಟ್ಟಿದ್ದ. "ಏನಮ್ಮ?" ಎಂದ, ಗೊತ್ತಿದ್ದೂ.

"ಮೊನ್ನೆ ಓದಿದ್ಯಲ್ಲ, ಅದು. ಉಗುಳಿದ್ದನ್ನ ನುಂಗೋಕಾಗಲ್ಲ ಅಂತಾರೆ. ನೀನು ದೊಡ್ಡೋನು, ನುಂಗು."

"ನಾನು ಅವನ ಹೆಸರು ಹೇಳ್ಲಿಲ್ಲ ತಾಯಿ."

"ಹೆಸರು ಬೇರೆ ಹೇಳ್ಬೇಕಿತ್ತಾ? ಆ ತುಕಡೀಲಿ ವೈರ್‌ಲೆಸ್ ಬೆನ್ನಿಗೆ ಕಟ್ಕೊಂಡಿದ್ದೋನು ನನ್ನ ಮಗ ಅಂತ ನಮ್ಮನೆ ಕೋಳಿಗೂ ಗೊತ್ತು. ನಿನ್ನೆ ಜಬ್ಬಾರ್‌ನ ಅಣ್ಣನ ಮಗ ಇದಾನಲ್ಲ ಗಸ್ಸಾನ್, ಅವನು ಹುಡುಗರನ್ನ ಕಟ್ಕೊಂಡು ಬಂದು ನಮ್ಮ ಗೇಟಿಗೆ ಗುಂಡು ಹೊಡೆದ. ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ಬರ್ದ: ಕುಲಕ್ಕೆ ಬೇಕಾದವನು. ಹಂಗಂದ್ರೆ ರಕ್ತಕ್ಕೆ ರಕ್ತ ಅಂತ ನಿನಗೆ ಹೇಳ್ಕೊಡ್ಬೇಕಾ? ಇವತ್ತು ಸಂಜೆ ಡೇರೆ ಬಿಚ್ತಾರೆ. ದುಃಖದ ದಿನ ಮುಗೀತು ಅಂದ್ರೆ ಅವರ ಕೈ ತಡೆಯೋರು ಯಾರೂ ಇಲ್ಲ."

"ಅಯ್ಸರ್ ಏನಂತಾನೆ?"

"ಏನಂತಾನೆ. ಒಳಗಿನ ಕೋಣೇಲಿ ಕೂತು ಗೋಡೆಗೆ ನಂಬರ್ ಹೇಳ್ತಾನೆ, ಬಾಂಬು ಹಾಕೋ ಜಾಗದ ನಂಬರ್. ಸರಿಯಾಗೇ ಹೇಳ್ದೆ ಅಮ್ಮ, ಮತ್ತೆ ಮತ್ತೆ ಹೇಳ್ದೆ, ಆ ಕಡೆಯಿಂದ ಸರಿ ಅಂದ್ರು, ಆಮೇಲೆ ವಿಮಾನ ಬಂತು ಅಂತಾನೆ. ಕಣ್ಣೆದುರಿಗೆ ವಿಸಾಮ್ ಹೋದ. ಎಂಟಾಳು ಹೋದ್ರು. ಇವನು ಬದುಕಿದ್ದೇ ತಪ್ಪಾಯ್ತು ನೋಡು."

"ವಿಚಾರಿಸ್ತೀನಿ," ಎಂದ ಹಾತಿಂ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ವಿಚಾರಿಸ್ಬೇಕಾಗಿದ್ದು ಓದೋಕೆ ಮುಂಚೆ ಕಣಪ್ಪ," ಎಂದು ಹೊದಿಕೆಯನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿಕೊಂಡು ಹೊರಟುಹೋದಳು. ಸಾಹಿರಾ ತಂದ ಒಣನಿಂಬೆಯ ಚಹಾ ತಟ್ಟೆಯಲ್ಲೇ ಉಳಿಯಿತು. ಅವಳು ಅದನ್ನು ಗಂಡನ ಕೈಗೂ ಕೊಡದೆ ತಾನೇ ಒಂದು ಗುಟುಕು ಕುಡಿದು, "ವಿಚಾರಿಸ್ತೀನಿ ಅಂದ್ರಲ್ಲ, ಅದನ್ನೂ ನ್ಯೂಸ್ ದನೀಲೇ ಅಂದ್ರಿ," ಎಂದಳು. ಅದರಲ್ಲಿ ಕೋಪವಿರಲಿಲ್ಲ. ನಲ್ಲಿ ಸೋರುತ್ತಿದೆ ಎನ್ನುವಾಗಲೂ ಅವಳು ಹೀಗೆಯೇ ಹೇಳುತ್ತಿದ್ದಳು.

ವಿಚಾರಿಸಲಿಲ್ಲ ಎನ್ನುವ ಹಾಗೂ ಇಲ್ಲ. ಮೊನ್ನೆ ಕಾಗದ ಕೈಗೆ ಬಂದಾಗ ಅವನು ಕೇಳಿದ್ದ. ಸುದ್ದಿ ಸಂಪಾದಕ ಫಿರಾಸ್ ವಯಸ್ಸಿನಲ್ಲಿ ಚಿಕ್ಕವನು, ದಂಡನಾಯಕರನ್ನೂ ಮಂತ್ರಿಗಳನ್ನೂ ಅಣಕಿಸಿ ಆಫೀಸನ್ನು ನಗಿಸುವವನು. ಅವನು ಒಬ್ಬನೇ ಇದ್ದಾಗ ಯಾವ ದನಿಯಲ್ಲಿ ಮಾತಾಡುತ್ತಾನೆ ಎಂಬುದು ಅವನ ಹೆಂಡತಿಗೂ ಗೊತ್ತಿರಲಾರದು. "ಯಾರು ಹೇಳಿದ್ದು ಇದು?" ಎಂದು ಹಾತಿಂ ಕೇಳಿದ್ದಕ್ಕೆ "ಮೂಲ" ಎಂದಿದ್ದ. ಯಾವ ಮೂಲ? "ಸಾಯದೆ ಉಳಿದ ಮೂಲ, ಉಸ್ತಾದ್." ನಮ್ಮ ಕಸುಬಿಗೆ ಮೂಲವೇ ವ್ಯಾಧಿ, ಕೂತರೂ ನೋವು ನಿಂತರೂ ನೋವು ಎಂದು ಹಾತಿಂ ಗೊಣಗಿದಾಗ ಫಿರಾಸ್ ಬಿದ್ದು ಬಿದ್ದು ನಕ್ಕಿದ್ದ, ನಕ್ಕು ಮುಗಿಸಿ ಕುರ್ಚಿ ಎಳೆದುಕೊಂಡು ಮಗುವಿಗೆ ಹೇಳುವಂತೆ ಹೇಳಿದ್ದ: "ನೋಡಿ ಉಸ್ತಾದ್, ವಿಮಾನದ್ದು ತಪ್ಪು ಅಂದ್ರೆ ಮೇಲಿನೋರಿಗೆ ಬೇಜಾರು. ಶತ್ರೂದು ಅಂತ ಹಿಡ್ಕೊಂಡು ಕೂರೋಣ ಅಂದ್ರೆ ಹೊರದೇಶದ ಚಾನೆಲ್ಲೋರು ಬಾಂಬಿನ ಗುಂಡಿ ತೋರಿಸ್ಬಿಟ್ಟಿದಾರೆ. ಮಿಕ್ಕಿದ್ದು ನೆಲ. ನೆಲಕ್ಕೆ ಬೇಜಾರಾಗಲ್ಲ." ಹಾತಿಂ ಕಾಗದ ತೆಗೆದುಕೊಂಡು ದೀಪಗಳ ಕೆಳಗೆ ಕುಳಿತಿದ್ದ. ಅಯ್ಸರ್ ಯಾರೆಂದು ಆಗಲೇ ಗೊತ್ತಿತ್ತು. ಎದುರುಬದುರು ಮನೆಯ ವಿಸಾಮ್, ಅಯ್ಸರ್ ಇಬ್ಬರು ಹುಡುಗರೂ ಒಂದೇ ದಿನ ಸೈನ್ಯಕ್ಕೆ ಸೇರಿ, ಒಂದೇ ಬಸ್ಸಿನ ಕಿಟಕಿಯಿಂದ ಕೈಬೀಸಿ ಹೋದದ್ದನ್ನು ಅವನೂ ನಿಂತು ನೋಡಿದ್ದ. ಆದರೂ 'ವೈರ್‌ಲೆಸ್ ಸಿಪಾಯಿ' ಎನ್ನುವ ಮೊದಲು ತನ್ನ ಆ ಹೆಸರುವಾಸಿ ವಿರಾಮ ಕೊಟ್ಟಿದ್ದ. ಆ ವಿರಾಮದಲ್ಲಿ ಊರಿನ ಜನ ಚಹಾದ ಲೋಟವನ್ನು ತುಟಿಯ ಹತ್ತಿರವೇ ನಿಲ್ಲಿಸಿಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದು ಅವನಿಗೆ ಇಷ್ಟವಾಗಿತ್ತು. ದೀಪ ಆರಿದ ಮೇಲೆ ಮೇಕಪ್ಪಿನ ಹುಡುಗಿ ಹತ್ತಿಯಿಂದ ಅವನ ಹಣೆ ಒರೆಸುತ್ತ "ಎಷ್ಟು ಚೆನ್ನಾಗಿ ಓದಿದ್ರಿ ಸರ್, ಮೈ ಜುಂ ಅಂತು" ಎಂದಿದ್ದಳು. ಅವನಿಗೆ ಖುಷಿಯಾಗಿತ್ತು. ಮೂರು ದಿನದಿಂದ ಅವನು ಎಲ್ಲವನ್ನೂ ಯಾರ ಯಾರ ತಲೆಗೋ ಕಟ್ಟಿ ಹಗುರಾಗಿದ್ದಾನೆ, ಕಾಗದವನ್ನು ಫಿರಾಸನಿಗೆ, ಫಿರಾಸನನ್ನು ಮೇಲಿನವರಿಗೆ. ಆ ಖುಷಿಯನ್ನು ಮಾತ್ರ ಯಾರ ತಲೆಗೂ ಕಟ್ಟಲು ಬರುತ್ತಿಲ್ಲ.

ಮಧ್ಯಾಹ್ನದ ಊಟವನ್ನು ಅರ್ಧಕ್ಕೆ ಬಿಟ್ಟು ಟ್ಯಾಕ್ಸಿ ಹಿಡಿದ. ಬಾಯಿ ಬಿಟ್ಟರೆ ಗುರುತು ಸಿಗುತ್ತದೆಂದು ದಾರಿಯನ್ನು ಬೆರಳಲ್ಲೇ ತೋರಿಸಿದ. ಚಾಲಕ ಕನ್ನಡಿಯಲ್ಲಿ ನೋಡಿ, "ಏನ್ ಹಿರಿಯರೇ, ಮಾತು ಬರಲ್ವಾ?" ಎಂದಾಗ ತಲೆಯಾಡಿಸಿಬಿಟ್ಟ. ಬರುವುದಿಲ್ಲ. ಹೀಗೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವಷ್ಟರಲ್ಲಿ ಅವನು ಮೂಕನಾದ. ಆಶ್ಚರ್ಯವೆಂದರೆ ಭುಜಗಳು ತಾವಾಗಿ ಇಳಿದು, ಎಷ್ಟೋ ಕಾಲದ ಮೇಲೆ ಬೆನ್ನು ಸೀಟಿಗೆ ಒರಗಿತು. ಮೂಕನ ಮುಂದೆ ಎಲ್ಲರೂ ವಾಚಾಳಿಗಳು. "ಅಯ್ಯೋ ಪಾಪ. ಒಳ್ಳೇದೇ ಆಯ್ತು ಬಿಡಿ, ಈ ಕಾಲದಲ್ಲಿ ಕಿವೀನೂ ಇಲ್ದಿದ್ರೆ ಇನ್ನೂ ಒಳ್ಳೇದಿತ್ತು," ಎಂದು ಚಾಲಕ ಶುರು ಹಚ್ಚಿದ. "ಆ ಮೀನಿನ ಜಬ್ಬಾರ್ ಮನೆ ಬೀದಿಗಾ? ಸಾವಿಗಾ? ಶತ್ರು ಗುಂಡು ಗುರಿ ತಪ್ಪಬಹುದು ಹಿರಿಯರೇ, ಮಿತ್ರರದ್ದು ತಪ್ಪಲ್ಲ. ಅದನ್ನ ಆ ಹಾತಿಂ ಓದಿದ್ದು ಕೇಳಿದ್ರಾ?" ಎಂದವನೇ ಗದ್ದವನ್ನು ಎದೆಗೆ ಒತ್ತಿ, ಹೊಟ್ಟೆಯಿಂದ ದನಿ ಎತ್ತಿ, "ತುಕಡಿಯ... ವೈರ್‌ಲೆಸ್ ಸಿಪಾಯಿ... ಎಂದು ಮೂಲಗಳು... ತಿಳಿಸಿವೆ," ಎಂದ. ಕರಾರುವಾಕ್ಕಾಗಿತ್ತು. ಹಿಂದಿನ ಸೀಟಿನಲ್ಲಿ ತಾನಿದ್ದೇನೆ, ಮುಂದಿನ ಸೀಟಿನಲ್ಲೂ ತಾನೇ ಇದ್ದೇನೆ ಎಂದು ಹಾತಿಂಗೆ ಅನ್ನಿಸಿತು. "ಆ ಮನುಷ್ಯ ನಾಳೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಅಂತ ಓದಿದ್ರೂ ನನ್ನ ಹೆಂಡ್ತಿ ಬಟ್ಟೇನ ಆ ಕಡೆ ತಿರುಗಿಸಿ ಒಣಗಾಕ್ತಾಳೆ. ಆ ವೈರ್‌ಲೆಸ್ ಹುಡುಗ ಇವತ್ತು ರಾತ್ರಿ ಕಳೆಯೋದು ಕಷ್ಟ ಅಂತಿದ್ರು." ಹಾತಿಂ ದುಡ್ಡು ಕೊಟ್ಟು ಚಿಲ್ಲರೆಗೂ ಕಾಯದೆ ಇಳಿದ. ಇಳಿಯುವಾಗ ಬಾಯಿ ತುದಿಗೆ ಬಂದ 'ದೇವರು ಒಳ್ಳೇದು ಮಾಡ್ಲಿ' ಎಂಬುದನ್ನು ನುಂಗಿಕೊಂಡ.

ಬೀದಿಯ ಅಗಲಕ್ಕೂ ಡೇರೆ ಹಾಕಿದ್ದರು. ಒಂದು ಪಕ್ಕದ ಗೋಡೆಯ ಮೇಲೆ ಕಪ್ಪು ಬಟ್ಟೆ, ಹಳದಿ ಅಕ್ಷರ. ಎದುರು ಪಕ್ಕದ ತಗಡಿನ ಗೇಟಿನ ಮೇಲೆ ಕೆಂಪು ಅಕ್ಷರ, ಅಕ್ಷರಗಳ ನಡುವೆ ಗುಂಡಿನ ತೂತು. ಎರಡಕ್ಕೂ ಒಕ್ಕಣೆ ತನ್ನದೇ ಎಂದು ಒಂದು ಕ್ಷಣ ಅನ್ನಿಸಿ ಅವನು ನೆಲ ನೋಡುತ್ತ ಒಳಗೆ ಹೋದ. ಒಳಗೆ ಬಂದವನು ರೂಢಿಯಂತೆ 'ಅಲ್-ಫಾತಿಹಾ' ಎಂದು ಗಟ್ಟಿಯಾಗಿ ಹೇಳಬೇಕು, ಕುಳಿತವರೆಲ್ಲ ಅಂಗೈ ಬಿಚ್ಚಿ ಸತ್ತವನಿಗಾಗಿ ಮಣಮಣ ಓದಿಕೊಳ್ಳಬೇಕು. ಅವನು ಹೇಳಿದ. ಅಂಗೈಗಳು ಬಿಚ್ಚಿಕೊಳ್ಳುವ ಮೊದಲು ತಲೆಗಳು ತಿರುಗಿದವು. ಜಬ್ಬಾರ್ ಎದ್ದು ನಿಂತ. ಆ ಭಾರಿ ಆಳು ಮೂರೇ ದಿನಕ್ಕೆ ಅಂಗಿಯೊಳಗೆ ಕುಗ್ಗಿಹೋಗಿದ್ದ. ಅಪ್ಪಿಕೊಂಡಾಗ ಬೂದಿಯ, ಸುಟ್ಟ ಮೀನಿನ ಹಳೆಯ ವಾಸನೆ ಬಂತು. ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

"ಬಂದ್ಯಾ. ಡ್ಯೂಟಿ ಅಂದ್ರು."

"ಹೂಂ."

"ಡ್ಯೂಟಿ ಮುಖ್ಯ ಬಿಡು. ಅವನೂ ಡ್ಯೂಟೀಲೇ ಹೋದ." ಜಬ್ಬಾರ್ ಸ್ವಲ್ಪ ಹೊತ್ತು ಜಪಮಣಿ ತಿರುಗಿಸಿದ. "ನಿನ್ನ ದನಿ ಎಷ್ಟು ಚೆನ್ನಾಗಿ ಮಾಡ್ತಿದ್ದ, ಗೊತ್ತಲ್ಲ."

ಗೊತ್ತಿತ್ತು. ಮೀನಿನಂಗಡಿಯಲ್ಲಿ ಒಲೆಯ ಮುಂದೆ ಬೀಸಣಿಗೆ ಹಿಡಿದು ನಿಂತ ವಿಸಾಮ್, ಗಿರಾಕಿಗಳ ನಡುವೆ ಹಾತಿಂ ಕಂಡದ್ದೇ ತಡ, "ಈಗ ಬಂದ ಸುದ್ದಿ! ಇಂದು ಬೆಳಿಗ್ಗೆ ನದಿಯಿಂದ ಬಂಧಿತವಾದ ಗೆಂಡೆಮೀನು ತನ್ನ ಮೇಲಿನ ಎಲ್ಲ ಆರೋಪಗಳನ್ನು ನಿರಾಕರಿಸಿದೆ; ಆದರೆ ಉಪ್ಪು ಮತ್ತು ಹುಣಿಸೆಯ ಸಮ್ಮುಖದಲ್ಲಿ ವಿಚಾರಣೆ ಮುಂದುವರಿದಿದೆ" ಎಂದು ಗಂಭೀರವಾಗಿ ಓದುತ್ತಿದ್ದ. ಎಲ್ಲರೂ ನಗುತ್ತಿದ್ದರು, ಹಾತಿಂ ಕೂಡ. ಒಳಗೆ ಮಾತ್ರ ಹುಡುಗನ ದನಿಯಲ್ಲಿ ತನ್ನ ದನಿಗಿಂತ ಒಂದು ತೂಕ ಹೆಚ್ಚಿದೆಯೇನೋ ಎಂದು ಸಣ್ಣ ಮತ್ಸರ ಆಗುತ್ತಿತ್ತು. ಸತ್ತ ಹುಡುಗನ ಮೇಲಿನ ಮತ್ಸರ ಎಲ್ಲಿ ಹೋಗುತ್ತದೆ ಎಂದು ಅವನು ಈಗ ಹುಡುಕಿ ನೋಡಿದ. ಅದು ಇದ್ದಲ್ಲೇ ಇತ್ತು.

"ಅವನು ಸತ್ತ ಅಂತ ಟೀವೀಲಿ ನಿನ್ನ ದನೀಲಿ ಕೇಳ್ದೆ ನೋಡು," ಜಬ್ಬಾರ್ ಮುಂದುವರಿಸಿದ, "ಮೊದ್ಲು ನಕ್ಕುಬಿಟ್ಟೆ ಕಣಯ್ಯ. ಇವನೇ ಎಲ್ಲೋ ಕೂತು ಮಾಡ್ತಿದಾನೆ ಅನ್ಕೊಂಡೆ."

 ಅಷ್ಟರಲ್ಲಿ ಎದುರು ಸಾಲಿನಿಂದ ಗಸ್ಸಾನ್ ಎದ್ದು ಬಂದ; ಕಟ್ಟುಮಸ್ತಾದ ಹರೆಯದವನು, ಬೆರಳಿನ ತುದಿಯಲ್ಲಿ ಇನ್ನೂ ಕೆಂಪು ಬಣ್ಣ ಅಂಟಿತ್ತು. ಬಾಗಿ ಹಾತಿಂನ ಭುಜಕ್ಕೆ ಮುತ್ತಿಟ್ಟ. "ನೀವು ಓದ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಉಸ್ತಾದ್. ಎದುರು ಮನೇಲೇ ಹಾವು ಇಟ್ಕೊಂಡು ಅಳ್ತಾ ಕೂತಿರ್ತಿದ್ವಿ. ದೇವರು ನಿಮ್ಮ ನಾಲಗೆಗೆ ಬಲ ಕೊಡ್ಲಿ. ಸಂಜೆ ಆಗ್ಲಿ, ಉಳಿದಿದ್ದು ನಮ್ಮ ಕೆಲಸ." ಸಾಲಿನಲ್ಲಿ ಒಬ್ಬಿಬ್ಬರು ಹೌದೆಂಬಂತೆ ಕೆಮ್ಮಿದರು. ಬೈದಿದ್ದರೆ ಸಹಿಸಬಹುದಿತ್ತು, ಈ ಕೃತಜ್ಞತೆ ಬೆನ್ನಿನ ಮೇಲೆ ಐಸ್ ಇಟ್ಟ ಹಾಗೆ ಕೆಳಗಿಳಿಯತೊಡಗಿತು. ಏನಾದರೂ ಹೇಳಬೇಕು, ಈಗಲೇ, ಎಂದುಕೊಂಡ. ಫ್ಯಾನು ತಿರುಗುತ್ತಿತ್ತು. ಮೂಲೆಯಲ್ಲಿ ಯಾರೋ ಜನರೇಟರಿನ ಎಣ್ಣೆಯ ಬಗ್ಗೆ ಪಿಸುಗುಡುತ್ತಿದ್ದರು. ಹೇಳದಿರಲು ಎಷ್ಟೊಂದು ಸಲಕರಣೆಗಳಿವೆ ಈ ಲೋಕದಲ್ಲಿ ಎಂದು ಅವನಿಗೆ ಅನ್ನಿಸಿತು.

ಹಿತ್ತಾಳೆಯ ಹೂಜಿ ಹಿಡಿದ ಮುದುಕ ಸಾಲಿನುದ್ದಕ್ಕೂ ಕಹಿ ಕಾಫಿ ಕೊಡುತ್ತ ಬಂದು ಹಾತಿಂನ ಕೈಗೆ ಬಟ್ಟಲಿಟ್ಟ. ತಳ ಮುಚ್ಚುವಷ್ಟೇ ಕಾಫಿ; ಒಂದು ಗುಟುಕಿಗೆ ಮುಗಿಸಿ, ಬಟ್ಟಲು ಅಲ್ಲಾಡಿಸಿ ವಾಪಸ್ ಕೊಡುವುದು ಎಲ್ಲರೂ ಮಾಡುವ ಕೆಲಸ. ಅದೇ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಫಿರಾಸನೇ, ಸಂಜೆಯ ಸುದ್ದಿಗೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಲು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈ ಉದ್ದಂಗಿಯ ಜೇಬಿನಲ್ಲಿ ಸಿಕ್ಕಿಕೊಂಡಿತ್ತು. ಹಾತಿಂ ಬಟ್ಟಲನ್ನು ಎದುರಿಗಿದ್ದ ಜಮಖಾನೆಯ ಮೇಲೆ ಇಟ್ಟ, ಕುಡಿಯದೆ, ಕೊಟ್ಟ ಹಾಗೆಯೇ. ಎರಡೂ ಕೈಯಿಂದ ಫೋನು ಹೊರಗೆಳೆದು, ಅದರ ಬಾಯಿ ಮುಚ್ಚಿಸಿ ತಲೆ ಎತ್ತುವಷ್ಟರಲ್ಲಿ ಡೇರೆಯಲ್ಲಿ ಮಾತು ನಿಂತಿತ್ತು. ಹೂಜಿಯ ಮುದುಕ ಮುಂದಿನವನ ಹತ್ತಿರ ಹೋಗದೆ ಅಲ್ಲೇ ಕಲ್ಲಾಗಿದ್ದ. ಎಲ್ಲರ ಕಣ್ಣೂ ಜಮಖಾನೆಯ ಮೇಲಿನ ಆ ಬಟ್ಟಲಿನ ಮೇಲೆ.

ಆಗ ಅವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಇಲ್ಲಿಯ ರೂಢಿಯಲ್ಲಿ, ಕುಡಿಯದೆ ಬಟ್ಟಲನ್ನು ಕೆಳಗಿಟ್ಟವನು ಕಾಫಿಗೆ ಬಂದವನಲ್ಲ, ಕೋರಿಕೆಗೆ ಬಂದವನು. ಮನೆಯೊಡೆಯ ನಡೆಸಿಕೊಡುವ ಮಾತು ಕೊಡುವತನಕ ಅವನು ಅದನ್ನು ಮುಟ್ಟುವುದಿಲ್ಲ. ಮಾತು ಕೊಡದೆ ಅತಿಥಿಯ ಕಾಫಿ ಆರಲು ಬಿಟ್ಟ ಮನೆ ಎಂಬ ಹೆಸರು ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲ. ಹೆಣ್ಣು ಕೇಳಲು ಹೀಗೆ ಇಡುತ್ತಾರೆ, ಹರಿದ ರಕ್ತ ಮರೆಯಿರಿ ಎಂದು ಕೇಳಲು ಇಡುತ್ತಾರೆ. ಹಾತಿಂ ಇದನ್ನು ಅಜ್ಜನ ಕಾಲದಲ್ಲಿ ಒಮ್ಮೆ ನೋಡಿದ್ದ. ಅಮಲ್ದಾರರೊಂದಿಗೆ, ಮಂತ್ರಿಗಳೊಂದಿಗೆ ಕಾಗದದ ಲೋಟದಲ್ಲಿ ಕುಡಿದು ಕುಡಿದು ಕೈಗೆ ಮರೆವು ಬಂದಿತ್ತು. 'ಅಯ್ಯೋ, ಫೋನು ಬಂತು ಅಂತ ಇಟ್ಟೆ ಕಣ್ರಪ್ಪಾ' ಎಂದು ಬಟ್ಟಲೆತ್ತಿ ಕುಡಿದುಬಿಟ್ಟರೆ ಮುಗಿಯಿತು. ಒಂದು ನಗು ಏಳುತ್ತದೆ, ಸಾವಿನ ಮನೆಯಲ್ಲೂ ನಗು ಬೇಕಾಗಿರುತ್ತದೆ, ನಾಳೆಯಿಂದ ಊರಿನ ಟ್ಯಾಕ್ಸಿಗಳಲ್ಲಿ ಇದನ್ನೂ ಅಣಕಿಸುತ್ತಾರೆ, ಅಷ್ಟೇ. ಅವನು ಆ ಮಾತಿಗಾಗಿ ಬಾಯಿ ತೆರೆದೂ ಇದ್ದ.

"ನಿನ್ನ ಕಾಫಿ ಕುಡಿ ಅಬೂ ಗಾಯಿಬ್," ಜಬ್ಬಾರ್ ನಿಧಾನವಾಗಿ, ಅಪ್ಪ ಹೇಳಿಕೊಟ್ಟ ಮಾತುಗಳನ್ನು ನೆನಪಿಸಿಕೊಂಡು ಹೇಳಿದ. "ನೀನು ಕೇಳಿದ್ದು ನಡೆದ ಹಾಗೆ. ಏನು ಅಂತ ಹೇಳು."

"ಎದುರು ಮನೆ ಹುಡುಗ," ಎಂದ ಹಾತಿಂ. ದನಿ ಹೊಟ್ಟೆಯಿಂದ ಬರಲಿಲ್ಲ. ಎಲ್ಲೋ ಮೂಗಿನ ಹಿಂದಿನಿಂದ, ತೆಳ್ಳಗೆ, ನೆಗಡಿಯಾದ ಶಾಲೆಯ ಮಗುವಿನದರಂತೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ "ಯಾರು ಮಾತಾಡ್ತಿರೋದು?" ಎಂದರು. "ಅಯ್ಸರ್. ಅವನನ್ನ ಬಿಟ್ಟುಬಿಡಿ. ಸಂಜೆ ಅಲ್ಲ, ನಾಳೆ ಅಲ್ಲ, ಯಾವತ್ತೂ ಮುಟ್ಟಬೇಡಿ. ಇದೇ ನಾನು ಕೇಳೋದು."

ಡೇರೆ ಒಮ್ಮೆಲೇ ಎದ್ದು ನಿಂತಿತು. ಗಸ್ಸಾನ್ ಎಲ್ಲರಿಗಿಂತ ಮೊದಲು. "ಏನ್ ಉಸ್ತಾದ್ ಇದು! ನೀವೇ ಓದಿದ್ರಿ!"

"ಓದಿದೆ."

"ಸುಳ್ಳಾ ಅದು?"

"ಗೊತ್ತಿಲ್ಲ."

"ಹಂಗಾದ್ರೆ ನಿಜ?"

"ಗೊತ್ತಿಲ್ಲ ಕಣಪ್ಪ. ಕೊಟ್ರು, ಓದಿದೆ. ಯಾರು ಹೇಳಿದ್ದು ಅಂತ ಕೇಳಿದೆ, ಹೇಳ್ಲಿಲ್ಲ, ಆದ್ರೂ ಓದಿದೆ."

"ಮತ್ತೆ ಮುಂಚೆ ಓದಿದ್ದು? ಶತ್ರು ಗುಂಡು ಅಂತ? ನಮ್ಮ ಚಿಕ್ಕಪ್ಪ ಗೋಡೆ ಮೇಲೆ ಬರೆಸಿದ್ದು?"

"ಅದೂ ಕೊಟ್ರು."

"ಬೇಸಿಗೇಲಿ ಇಡೀ ದಿನ ಕರೆಂಟ್ ಇರುತ್ತೆ ಅಂದಿದ್ದು?" ಎಂದು ಮೂಲೆಯಿಂದ ಯಾರೋ ಕೇಳಿದರು. ಜನ ನಕ್ಕರು. ತಡೆಯಲಾಗದೆ, ಕಣ್ಣಲ್ಲಿ ನೀರಿದ್ದವರೂ ನಕ್ಕರು. ನಕ್ಕು ನಾಚಿಕೊಂಡು ಮುಖ ಒರೆಸಿಕೊಂಡರು. ಹಾತಿಂ ನಗುವನ್ನು ಮಳೆಯಲ್ಲಿ ನಿಂತ ಎಮ್ಮೆಯಂತೆ ಮೈಮೇಲೆ ಬಿಟ್ಟುಕೊಂಡ. ಇಷ್ಟೆಲ್ಲ ವರ್ಷ ಇವರು ನಂಬಿದ್ದರೋ, ನಂಬಿದಂತೆ ಕೇಳುವುದು ಒಂದು ಮರ್ಯಾದೆಯಾಗಿತ್ತೋ, ಕೇಳಬೇಕೆನ್ನಿಸಿತು. ಯಾರನ್ನು ಕೇಳುವುದು? ಮೂಲಗಳನ್ನೇ?

ಜಬ್ಬಾರ್ ನಕ್ಕಿರಲಿಲ್ಲ. ಜಪಮಣಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಬಟ್ಟಲನ್ನೇ ನೋಡುತ್ತಿದ್ದ. ಕೊನೆಗೆ, "ಕೂತ್ಕೊಳ್ರೋ," ಎಂದ. ಕುಳಿತರು. "ಕೊಟ್ಟೆ. ಮಾತು ಹೋದ್ಮೇಲೆ ಹೋಯ್ತು. ಆದ್ರೆ ಅವನಿಗೆ ಜಾಮೀನು ಯಾರು ಅಬೂ ಗಾಯಿಬ್?"

"ಜಾಮೀನು?"

"ನೀನು. ನಾಳೆ ಅವನದ್ದೇ ತಪ್ಪು ಅಂತ ಗೊತ್ತಾಯ್ತು ಅಂತಿಟ್ಕೋ. ಆಗ ಈ ಹುಡುಗರು ಅವನ ಬಾಗಿಲಿಗೆ ಹೋಗಲ್ಲ, ನಿನ್ನ ಬಾಗಿಲಿಗೆ ಬರ್ತಾರೆ. ಬಣ್ಣ ತಗೊಂಡು ಬರ್ತಾರೆ. ನಾನು ತಡೆಯಲ್ಲ. ಒಪ್ಪಿದ್ರೆ ಕುಡಿ. ಇಲ್ದಿದ್ರೆ ಫೋನ್ ಬಂತು ಅಂತ ಇಟ್ಟೆ ಅನ್ನು, ನಾನು ನಂಬ್ತೀನಿ."

ಜಬ್ಬಾರ್‌ಗೆ ಗೊತ್ತಿತ್ತು ಹಾಗಾದರೆ. ಎಲ್ಲ ನೋಡುತ್ತ ಪಕ್ಕದಲ್ಲೇ ಕುಳಿತಿದ್ದ. ಹಾತಿಂ ತನ್ನ ಮನೆಯ ಗೇಟನ್ನು ಕಣ್ಣ ಮುಂದೆ ತಂದುಕೊಂಡ. ಕಳೆದ ಹಬ್ಬಕ್ಕೆ ಸಾಹಿರಾ ಹಟ ಹಿಡಿದು ಬಳಿಸಿದ ನೀಲಿ ಬಣ್ಣ, ಅದರ ಮೇಲೆ ಕೆಂಪು. ಅವಳು ಬಾಗಿಲು ತೆರೆದು ಅದನ್ನು ಓದುವುದು. ಇಷ್ಟು ಕಾಲ ಎಷ್ಟು ಸಾವು ಓದಿದ್ದಾನೆ, ಎಷ್ಟು ಗೆಲುವು ಓದಿದ್ದಾನೆ. ಈ ವಾಕ್ಯಕ್ಕೆ ನೀನು ಜಾಮೀನೇ ಎಂದು ಒಬ್ಬರೂ ಕೇಳಿರಲಿಲ್ಲ. ಮೂಲಗಳಿಗೆ ಬಾಗಿಲಿರುವುದಿಲ್ಲ, ಬಾಗಿಲಿಲ್ಲದ ಮೇಲೆ ಬಣ್ಣ ಬಳಿಯುವುದು ಎಲ್ಲಿ. ಈಗ ಜಾಮೀನು ಕೇಳುತ್ತಿರುವ ವಾಕ್ಯವಾದರೋ, ಹುಡುಗನದು ತಪ್ಪಿಲ್ಲ ಎಂಬ ವಾಕ್ಯ, ಅವನು ಓದಿದ್ದಲ್ಲ, ಯಾರೂ ಕೊಟ್ಟದ್ದಲ್ಲ, ನಿಜವೋ ಅಲ್ಲವೋ ಅದೂ ಗೊತ್ತಿಲ್ಲ. ಆಯಾಸವಾಗಿತ್ತು. ಧೈರ್ಯದಿಂದಲೋ, ಒಪ್ಪದಿರಲು ಬೇಕಾದಷ್ಟು ಮಾತಾಡುವ ಶಕ್ತಿ ಉಳಿದಿಲ್ಲದ್ದರಿಂದಲೋ, ಅವನು ಬಾಗಿ ಬಟ್ಟಲೆತ್ತಿದ. ಕಾಫಿ ಆರಿತ್ತು. ನಾಲಗೆಯ ಬುಡದವರೆಗೂ ಕಹಿ.

"ಹೋಗಿ ಕರ್ಕೊಂಡು ಬಾ," ಎಂದ ಜಬ್ಬಾರ್. "ಎಲ್ರೂ ನೋಡೋ ಹಾಗೆ, ಕೈ ಹಿಡ್ಕೊಂಡು. ನನ್ನ ಮಗನಿಗೆ ಅವನ ಗೆಳೆಯ ಇನ್ನೂ ಫಾತಿಹಾ ಓದಿಲ್ಲ."

ಬೀದಿ ದಾಟಿ ತೂತುಬಿದ್ದ ಗೇಟು ತಟ್ಟಿದಾಗ ಉಮ್ ಅಯ್ಸರ್ ಬಿರುಕಿನಲ್ಲಿ ಒಂದೇ ಕಣ್ಣಿಟ್ಟು ನೋಡಿದಳು. ಅವನು ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡಳು, ಅಳಲಿಲ್ಲ, ಹರಸಲಿಲ್ಲ, ಒಳಗೆ ಹೋಗಿ ಮಗನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕರೆತಂದಳು. ಬಸ್ಸಿನ ಕಿಟಕಿಯಲ್ಲಿ ಕಂಡಿದ್ದ ಹುಡುಗ ಇವನಲ್ಲ. ಗಡ್ಡ ಬೆಳೆದಿತ್ತು, ಒಂದು ಕಿವಿಯಲ್ಲಿ ಹತ್ತಿ, ಕಣ್ಣುಗಳು ಎದುರಿನ ಮನುಷ್ಯನನ್ನು ನೋಡುವಂತೆ ನೋಡಿ ಇನ್ನೇನನ್ನೋ ನೋಡುತ್ತಿದ್ದವು. ಹಾತಿಂ ಅವನ ಕೈ ಹಿಡಿದ. ಬೆವತು ತಣ್ಣಗಾಗಿದ್ದ ಕೈ. ಡೇರೆಯ ಬಾಯಲ್ಲಿ ಜನ ಸೇರಿ ನೋಡುತ್ತಿದ್ದರು. ಗಸ್ಸಾನ್ ಕೈಕಟ್ಟಿಕೊಂಡು ಎಲ್ಲರಿಗಿಂತ ಮುಂದೆ. ಬೀದಿಯ ನಡುವೆ ಅಯ್ಸರ್ ನಿಂತುಬಿಟ್ಟ.

"ಚಿಕ್ಕಪ್ಪ, ಒಂದು ಮಾತು."

"ನಡೀತಾ ಹೇಳು."

"ನಾನು ಸರಿಯಾಗೇ ಹೇಳಿದ್ದೆ. ಆಸ್ಪತ್ರೇಲಿ, ಬಸ್ಸಲ್ಲಿ, ಮನೇಲಿ, ಹಂಗೇ ನೆನಪಿತ್ತು. ನಂಬರ್ ನಂಬರ್ರಾಗಿ ನೆನಪಿತ್ತು." ಹುಡುಗ ಕಿವಿಯ ಹತ್ತಿಯನ್ನು ಒತ್ತಿಕೊಂಡ. "ಮೊನ್ನೆ ಟೀವೀಲಿ ನೀವು ಓದಿದ್ರಲ್ಲ. ಆಮೇಲಿಂದ ಆ ನಂಬರ್ ನೆನಪು ಮಾಡ್ಕೊಂಡ್ರೆ ನನ್ನ ದನೀಲಿ ಬರಲ್ಲ, ನಿಮ್ಮ ದನೀಲೇ ಬರುತ್ತೆ. ತಪ್ಪಾಗೇ ಬರುತ್ತೆ. ಈಗ ನನಗೂ ಗೊತ್ತಾಗ್ತಿಲ್ಲ ಚಿಕ್ಕಪ್ಪ, ನಾನು ಏನು ಹೇಳಿದ್ದೆ ಅಂತ."

ಬಿಸಿಲು ನೆತ್ತಿ ಬಿಟ್ಟು ಗೋಡೆಗೆ ಇಳಿದಿತ್ತು. ಜೇಬಿನಲ್ಲಿ ಫೋನು ಮತ್ತೆ ಗುಂಯ್‌ಗುಟ್ಟತೊಡಗಿತು. ಡೇರೆಯ ಬಾಯಲ್ಲಿದ್ದವರು ಇವರು ಯಾಕೆ ನಿಂತರೆಂದು ಕತ್ತು ಚಾಚಿದರು. ಹುಡುಗನ ಕೈ ಹಿಂದಕ್ಕೆ, ಮನೆಯ ಕಡೆಗೆ, ಸಣ್ಣಗೆ ಎಳೆಯುತ್ತಿತ್ತು. ಹಾತಿಂಗೆ ಹೇಳಬೇಕಾದ್ದು ಬಹಳ ಇತ್ತು, ಯಾವುದನ್ನು ಹೇಳಿದರೂ ಅದೇ ದನಿಯಲ್ಲಿ ಹೇಳಬೇಕಾಗಿತ್ತು. ಅವನು ಬೆರಳುಗಳನ್ನು ಇನ್ನಷ್ಟು ಬಿಗಿ ಮಾಡಿದ.

"ಚರಂಡಿ ಇದೆ, ನೋಡ್ಕೊಂಡು ದಾಟು," ಎಂದ, ಕೈ ಬಿಡದೆ.